ಗಿರಣಿಯಲ್ಲೊಂದು ಪಿ.ಟಿ. ಪೀರಿಯಡ್

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಂಡು ಇನ್ನೊಬ್ಬರನ್ನು ಕೇಳುವುದು ಕೆಲವರಿಗೆ ನೀರು ಕುಡಿದಷ್ಟು ಸಲೀಸು. ನನಗೆ ಅದು ತುಂಬಿದ ಸಂತೆಯಲ್ಲಿ ಅಂಗಿ ಬಿಚ್ಚಿ ನಿಂತ ಹಾಗೆ. ಒಮ್ಮೆ ಹಾಸನದ ಬಸ್ ನಿಲ್ದಾಣದಲ್ಲಿ ನಮ್ಮೂರು ಹೊಳೆನರಸೀಪುರದ ಬಸ್ಸೆಂದು ತಿಳಿದು ಯಾವುದನ್ನೋ ಹತ್ತಿ ಕಿಟಕಿ ಪಕ್ಕ ಕೂತೆ. ಬಸ್ ಹೊರಟ ಮೇಲೆ ಕಂಡಕ್ಟರ್ ಬಂದು, “ಎಲ್ಲಿಗೆ ಸಾ, ಅರಕಲಗೂಡಾ?” ಎಂದ. ಆಗಲಾದರೂ ‘ತಪ್ಪು ಬಸ್ ಹತ್ತಿದೆ, ಇಳಿಸಪ್ಪ’ ಎನ್ನಬಹುದಿತ್ತು. ಹುಟ್ಟಿದಾಗಿನಿಂದ ಇದೇ ಸೀಮೆಯಲ್ಲಿ ಓಡಾಡಿಕೊಂಡಿರುವ ಮನುಷ್ಯ, ಮೀಸೆ ಬೇರೆ ಇದೆ, ಹಾಗೆ ಹೇಳುವುದುಂಟೆ? “ಮತ್ತಿನ್ನೆಲ್ಲಿಗೆ?” ಎಂದು ಅವನನ್ನೇ ಗದರಿ ಟಿಕೆಟ್ ತೆಗೆದುಕೊಂಡೆ. ಅರಕಲಗೂಡಿನಲ್ಲಿ ಇಳಿದು, ಅಲ್ಲೇ ಏನೋ ಘನವಾದ ಕೆಲಸವಿದ್ದವನ ಗತ್ತಿನಲ್ಲಿ ಪೇಟೆಯ ಉದ್ದಕ್ಕೂ ನಡೆದೆ. ಬರಿಗೈಯಲ್ಲಿ ಹಿಂದಿರುಗುವುದು ಚೆನ್ನಾಗಿರುವುದಿಲ್ಲವೆಂದು ಬದನೆಕಾಯಿ ಕೊಂಡುಕೊಂಡು ಇನ್ನೊಂದು ಬಸ್ಸಿನಲ್ಲಿ ಊರು ಸೇರಿದೆ. “ಬದನೆಕಾಯಿ ತರಕ್ಕೆ ಅರಕಲಗೂಡಿಗೆ ಓಗಿದ್ರಾ?” ಎಂದಳು ಹೆಂಡತಿ ಜಯ. “ಅಲ್ಲಿಯದು ಎಳೆಯದು” ಎಂದೆ. ಅವಳು ನನ್ನ ಮುಖವನ್ನೊಮ್ಮೆ, ಚೀಲವನ್ನೊಮ್ಮೆ ನೋಡಿದಳು. ಅಂದಿನಿಂದ ನಾನು ಯಾವ ವಿಷಯಕ್ಕೆ ಬಿಗುಮಾನ ತೋರಿಸಿದರೂ ಅವಳು ಕೇಳುವುದು ಒಂದೇ ಮಾತು: “ಬದನೆಕಾಯಾ?”

ಈ ಬಿಗುಮಾನಕ್ಕೆ ಒಂದು ಮೂಲವಿದೆ. ನಾನು ಎಂಟನೇ ತರಗತಿಯ ಮಧ್ಯದಲ್ಲೇ ಶಾಲೆ ಬಿಟ್ಟವನು. ಅಪ್ಪ ಕಾಲು ಮುರಿದುಕೊಂಡು ಮಲಗಿದ ವರ್ಷ ಊರಿನ ಒಂದು ಸಣ್ಣ ಪ್ರೆಸ್ಸಿಗೆ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಮಾಲೀಕರು ಬಹಳ ಕಟ್ಟುನಿಟ್ಟು. ಮದುವೆಯ ಕಾಗದವಾಗಲಿ, ಗೊಬ್ಬರದಂಗಡಿಯ ಬಿಲ್ಲಾಗಲಿ, ನೆತ್ತಿಯ ಮೇಲೆ ‘ಶ್ರೀ’ ಇಲ್ಲದೆ ಒಂದು ಹಾಳೆಯೂ ಯಂತ್ರದ ಬಾಯಿಗೆ ಹೋಗಕೂಡದು. ಒಮ್ಮೆ ನಾಟಕದ ಕರಪತ್ರಕ್ಕೆ ಮರೆತೆನೆಂದು ಕಟ್ಟಿದ್ದನ್ನೆಲ್ಲ ಬಿಚ್ಚಿಸಿ ಮೊದಲಿನಿಂದ ಜೋಡಿಸಲು ಹಚ್ಚಿದ್ದರು. ಮುಂದೆ ಆ ಪ್ರೆಸ್ ಮುಚ್ಚಿತು, ಮೊಳೆಗಳೆಲ್ಲ ಗುಜರಿಗೆ ಹೋದವು, ನಾನು ಅದೇ ಬೀದಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ನನ್ನದೇ ಅಂಗಡಿ ತೆರೆದೆ. ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದಿ ಸ್ಕ್ರಿಪ್ಟ್ ಬರೆಯುವುದನ್ನೂ ಕಲಿತೆ. ಸ್ಕ್ರಿಪ್ಟ್ ಎಂದರೆ ಹೆದರಬೇಕಾಗಿಲ್ಲ. ಮನೆಯೊಡತಿ ತವರಿಗೆ ಹೋಗುವಾಗ ಗಂಡನಿಗೆಂದು ಬರೆದು ಗೋಡೆಗೆ ಅಂಟಿಸುವ ಚೀಟಿಯಂಥದು ಅದು: ಮೊದಲು ಹಾಲು ಕಾಯಿಸಿ, ಆಮೇಲೆ ಒಲೆ ಆರಿಸಿ, ಬೆಕ್ಕನ್ನು ಹೊರಗೆ ಹಾಕಿ. ಕಂಪ್ಯೂಟರ್ ಗಂಡನಿಗಿಂತ ವಿಧೇಯ, ಬರೆದದ್ದನ್ನು ಬರೆದ ಹಾಗೆ ಮಾಡುತ್ತದೆ. ನನ್ನ ಪ್ರತಿಯೊಂದು ಸ್ಕ್ರಿಪ್ಟಿನ ತಲೆಯ ಮೇಲೂ, ಕಂಪ್ಯೂಟರ್ ಓದದೆ ದಾಟಿಹೋಗುವಂತೆ ಒಂದು ಗುರುತು ಹಾಕಿ, ಶ್ರೀ ಬರೆದೇ ಮುಂದುವರಿಯುತ್ತೇನೆ. ಬರೆಯುತ್ತೇನೆ ಎನ್ನುವುದೂ ತಪ್ಪು. ಕೈ ತಾನಾಗಿ ಬರೆಯುತ್ತದೆ, ನನ್ನ ಕಣ್ಣಿಗೆ ಅದು ಕಾಣಿಸುವುದೂ ಇಲ್ಲ.

ಇಂಥ ಕೆಲಸ ಮಾಡುವ ನಮ್ಮ ಕಡೆಯವರದೊಂದು ವಾಟ್ಸಾಪ್ ಗುಂಪಿದೆ. ಹೆಸರು ‘ಸ್ಕ್ರಿಪ್ಟ್ ಕಟ್ಟೆ’. ಹಾಸನದವರು, ಚನ್ನರಾಯಪಟ್ಟಣದವರು, ಅರಕಲಗೂಡಿನವರು ಎಲ್ಲ ಇದ್ದೇವೆ. ಅಲ್ಲಿ ಬರುವ ತಕರಾರುಗಳಲ್ಲಿ ಮುಕ್ಕಾಲು ಪಾಲು ಒಂದೇ ಬಗೆಯವು: ವಿಂಡೋಸ್ ಕಂಪ್ಯೂಟರಿನಲ್ಲಿ ನಡೆಯುವ ಸ್ಕ್ರಿಪ್ಟ್ ಲಿನಕ್ಸ್ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ, ಅಲ್ಲಿ ನಡೆದದ್ದು ಇಲ್ಲಿ ಮುಷ್ಕರ ಹೂಡುತ್ತದೆ. ಅಕ್ಕತಂಗಿಯರ ಅಡುಗೆಮನೆಗಳ ಹಾಗೆ ಇವು. ಅಕ್ಕನ ಮನೆಯಲ್ಲಿ ಉಪ್ಪು ಒಲೆಯ ಪಕ್ಕದಲ್ಲಿದ್ದರೆ ತಂಗಿಯ ಮನೆಯಲ್ಲಿ ಅಟ್ಟದ ಮೇಲೆ. ಅಕ್ಕ ಬರೆದುಕೊಟ್ಟ ಚೀಟಿ ಹಿಡಿದು ತಂಗಿಯ ಮನೆಯಲ್ಲಿ ಅಡುಗೆಗೆ ಇಳಿದರೆ ಸಾರಿಗೆ ಸೋಪಿನ ಪುಡಿ ಬೀಳುತ್ತದೆ. ಹಾಗಾಗಿ ಒಬ್ಬರು ಕೂಗುವುದು, ಉಳಿದವರು ಓಡಿಬರುವುದು ನಮ್ಮ ಕಟ್ಟೆಯ ವಾಡಿಕೆ. ಅರಕಲಗೂಡಿನ ಲೋಕೇಶ ಮದುವೆಮನೆಯ ಫೋಟೊಗಳನ್ನು ವಿಂಗಡಿಸಿ ಆಲ್ಬಂ ಮಾಡಿಕೊಡುವವನು. ಹೊಸ ಕಂಪ್ಯೂಟರ್ ತಂದಾಗ ಅವನ ಸ್ಕ್ರಿಪ್ಟ್ ಒಂದು ಆಲ್ಬಮ್ಮಿನಿಂದ ಮದುಮಗನನ್ನೇ ನಾಪತ್ತೆ ಮಾಡಿತ್ತು. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಶೋಭಾ, ಹರಾಜಿನ ಗದ್ದಲದ ನಡುವೆಯೇ ಕೂತು ಮದುಮಗನನ್ನು ಹುಡುಕಿಕೊಟ್ಟಳು.

ಈ ಕಟ್ಟೆಗೆ ನಾನು ಹಿರಿಯ. ನಿಯಮಗಳನ್ನು ಮಾಡಿದವನೂ ನಾನೇ. ಕೇಳುವ ಮೊದಲು ಕಂಪ್ಯೂಟರ್ ಏನು ಹೇಳುತ್ತಿದೆಯೆಂದು ಓದಿ. ಸ್ಕ್ರಿಪ್ಟನ್ನು ತುಂಡು ಮಾಡದೆ ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಹಾಕಿ. “ಡಾಕ್ಟ್ರ ಹತ್ರ ಹೋಗಿ ಅರ್ಧ ಹೊಟ್ಟೆ ತೋರಿಸ್ತೀರಾ?” ಎಂಬುದು ನನ್ನ ಹೆಸರಾಂತ ಮಾತು. ಹೊಸಬರು ಯಾರೇ ಬಂದರೂ ಈ ಮಾತಿನ ದೀಕ್ಷೆ ಆಗದೆ ಒಳಗೆ ಬಿಡುತ್ತಿರಲಿಲ್ಲ. ಶೋಭಾ ಮೊದಲ ದಿನ ಏನೋ ಕೇಳಿದಾಗ ಅವಳಿಗೂ ಆಯಿತು. ಅದಕ್ಕೇ ಎಲ್ಲರೂ ನನ್ನನ್ನು ‘ಹೆಡ್ ಮೇಷ್ಟ್ರು’ ಎಂದು ಕರೆಯುವುದು. ಎಂಟನೇ ತರಗತಿ ಮುಗಿಸದವನಿಗೆ ಆ ಹೆಸರು ಎಷ್ಟು ಸಿಹಿಯೆಂದು ಬಿ.ಎ., ಎಂ.ಎ. ಓದಿದವರಿಗೆ ಹೇಳಿ ಪ್ರಯೋಜನವಿಲ್ಲ.

ಇನ್ನು ಗಂಟೆಯ ವಿಷಯ. ಹಳೇಕೋಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಪೀರಿಯಡ್ಡಿನ ಗಂಟೆಯನ್ನು ಕಂಪ್ಯೂಟರೇ ಹೊಡೆಯುವಂತೆ ಮಾಡಿಕೊಟ್ಟಿದ್ದೆ. ಅಲ್ಲಿ ಮೊದಲು ಬೇವಿನ ಮರಕ್ಕೆ ನೇತುಹಾಕಿದ್ದ ರೈಲು ಕಂಬಿಯ ತುಂಡನ್ನು ಅಟೆಂಡರ್ ನಿಂಗಯ್ಯ ಬಡಿಯುತ್ತಿದ್ದ. ಅವನು ಬಡಿಯುವ ಸದ್ದನ್ನೇ ಫೋನಿನಲ್ಲಿ ಹಿಡಿದು ಕಂಪ್ಯೂಟರಿಗೆ ತುಂಬಿದ್ದೆ. ಹೊತ್ತಿಗೆ ಸರಿಯಾಗಿ ಸ್ಪೀಕರಿನಲ್ಲಿ ಅದು ಢಣ್ ಎನ್ನುತ್ತಿತ್ತು. “ಒಡೆಯೋದು ನಾನೇಯ, ಎಸರು ಮಾತ್ರ ನಿಮ್ದು ಕಣ್ ಸಾ” ಎಂದು ನಿಂಗಯ್ಯ ಆಗಾಗ ಚುಚ್ಚುತ್ತಿದ್ದ. ನಾನು ಅದರ ವಿಡಿಯೊ ಮಾಡಿ ಕಟ್ಟೆಗೆ ಹಾಕಿ, ಶಾಲೆಗೆ ಗಂಟೆ ಕಟ್ಟಿದವನು ಎಂದು ಮೆರೆದೂ ಆಗಿತ್ತು. ಹಾಗಿರುವಾಗ ಹಳೆಯ ಕಂಪ್ಯೂಟರ್ ಕೆಟ್ಟು, ಯಾರೋ ಹಳೆಯ ವಿದ್ಯಾರ್ಥಿಗಳು ಹೊಸದೊಂದನ್ನು ಕೊಟ್ಟರು. ಅದು ಲಿನಕ್ಸ್. ಅಕ್ಕನ ಮನೆಯ ಚೀಟಿಯನ್ನು ತಂಗಿಯ ಮನೆಗೆ ತಕ್ಕಂತೆ ತಿದ್ದಿ ಬರೆದೆ. ಕೈಯಿಂದ ಓಡಿಸಿ ನೋಡಿದೆ, ಢಣ್ ಎಂದಿತು. ಕಾಫಿ ಕುಡಿದು, ಹೆಡ್ ಮಿಸ್ಸಿಗೆ ಕೈ ಮುಗಿದು, ಊರಿಗೆ ಬಂದೆ.

ಮರುದಿನ ಹೆಡ್ ಮಿಸ್ ಫೋನ್ ಮಾಡಿದರು. ಗಂಟೆ ಹೊಡೆದೇ ಇಲ್ಲವಂತೆ. ಗಣಿತದ ಮೇಷ್ಟ್ರು ಗಂಟೆಯನ್ನೇ ನಂಬಿದವರು, ಗಡಿಯಾರ ಕಟ್ಟುವವರಲ್ಲ. ಊಟದ ಹೊತ್ತು ದಾಟಿದರೂ ಲೆಕ್ಕ ಬಿಡಿಸುತ್ತಲೇ ಇದ್ದರಂತೆ. ಮಾರನೆಯ ದಿನ ಬೆಳಿಗ್ಗೆಯೇ ಓಡಿಹೋದೆ. ನಾನು ಪಕ್ಕದಲ್ಲಿ ನಿಂತು ಕೈಯಿಂದ ಓಡಿಸಿದರೆ ಹೊಡೆಯುತ್ತದೆ. ನಿನ್ನ ಹೊತ್ತಿಗೆ ನೀನೇ ಹೊಡೆ ಎಂದು ಬಿಟ್ಟುಬಂದರೆ ಮೌನವ್ರತ. ಇನ್ನೂ ಸರಿಯಾಗಿ ಪರೀಕ್ಷಿಸೋಣ ಎಂದು, ಚೆನ್ನಾಗಿ ಕೇಳಿಸಲೆಂದು, ಉದ್ದನೆಯ ಗಂಟೆಯನ್ನೇ ಹೊಡೆಸಿದೆ. ಉದ್ದನೆಯ ಗಂಟೆ ಮನೆಗೆ ಬಿಡುವ ಗಂಟೆ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಇನ್ನೂ ಎಳೆ ಬಿಸಿಲು. ಇಡೀ ಶಾಲೆ ಚೀಲ ಹೆಗಲಿಗೇರಿಸಿ ಗೇಟಿನ ಕಡೆ ನುಗ್ಗಿತು. ನಿಂಗಯ್ಯ ಗೇಟಿಗೆ ಅಡ್ಡ ನಿಂತು, “ಲೇ, ನಿಂತ್ಕಳ್ರಲಾ! ಅದು ಸುಳ್ ಗಂಟೆ ಕಣ್ರಲಾ!” ಎಂದು ಬೊಬ್ಬೆ ಹೊಡೆಯುತ್ತಿದ್ದ. ಮಕ್ಕಳು ಅವನ ಕಂಕುಳ ಕೆಳಗಿನಿಂದ ನುಸುಳಿ ಆಗಲೇ ಹೊಲದ ದಾರಿ ಹಿಡಿದಿದ್ದವು.

ಹೆಡ್ ಮಿಸ್ ಸಾವಧಾನದ ಹೆಂಗಸು. ಗದರಲಿಲ್ಲ. “ಚಂದ್ರಪ್ಪನವರೇ, ನೀವು ಶಾಲೆ ಬೇಗ ಬಿಟ್ರಿ ಅಂತ ಎಲ್ರೂ ಬಿಡ್ಬೇಕಾ?” ಎಂದರು. ಮೇಜಿನ ಮುಂದೆ ಕೈ ಕಟ್ಟಿ ನಿಂತಿದ್ದೆ. ಯಾರೂ ಕಟ್ಟಿ ಎಂದಿರಲಿಲ್ಲ, ಅವು ತಾವಾಗಿ ಕಟ್ಟಿಕೊಂಡಿದ್ದವು. “ಸೋಮವಾರದಿಂದ ಹತ್ತನೇ ಕ್ಲಾಸಿಗೆ ಪೂರ್ವಸಿದ್ಧತಾ ಪರೀಕ್ಷೆ. ಗಂಟೆ ಹೆಚ್ಚುಕಮ್ಮಿ ಆದ್ರೆ ಮಕ್ಕಳ ಪಾಡೇನು? ಶನಿವಾರ ಅದು ತಾನಾಗೇ ಹೊಡೀಬೇಕು. ಇಲ್ಲಾಂದ್ರೆ ನಿಂಗಯ್ಯನ ಕಂಬೀನೇ ಮತ್ತೆ ಕಟ್ಟಿಸ್ತೀನಿ.” ಹೊರಗೆ ಬಂದರೆ ನಿಂಗಯ್ಯ ಆಗಲೇ ಕಂಬಿಯ ತುಕ್ಕು ಉಜ್ಜುತ್ತಿದ್ದ. “ಇದುಕ್ಕೆ ಕರೆಂಟೂ ಬ್ಯಾಡ, ಎಂತದೂ ಬ್ಯಾಡ ಕಣ್ ಸಾ. ಒಂದ್ ತುತ್ತು ಮುದ್ದೆ ಆಕುದ್ರೆ ಸಾಕು, ಅದೂ ನಂಗೆ” ಎಂದ.

ಅಂಗಡಿಗೆ ಬಂದು ಕೂತೆ. ಮದುವೆಯ ಕಾಗದದ ಕೆಲಸ ರಾಶಿ ಬಿದ್ದಿತ್ತು, ಕಣ್ಣು ಹೋಗಲಿಲ್ಲ. ಸ್ಕ್ರಿಪ್ಟನ್ನು ಮೇಲೆ ಕೆಳಗೆ ಮಾಡಿದೆ, ಕುತ್ತಿಗೆ ನೋವು ಬಂದದ್ದೇ ಲಾಭ. ಕಟ್ಟೆಯಲ್ಲಿ ಕೇಳಿದರೆ ಯಾರಾದರೂ ಗಳಿಗೆಯಲ್ಲಿ ಹೇಳಿಬಿಡುತ್ತಾರೆ. ಆದರೆ ಹೇಗೆ ಕೇಳುವುದು? ವಿಡಿಯೊ ಹಾಕಿ ಮೆರೆದ ಹೆಡ್ ಮೇಷ್ಟ್ರು ಈಗ ‘ನನ್ನ ಗಂಟೆ ಹೊಡೆಯುತ್ತಿಲ್ಲ’ ಎನ್ನುವುದೆ? ಅರ್ಧ ಹೊಟ್ಟೆಯ ಮಾತು ನನ್ನ ಮೇಲೇ ತಿರುಗಿಬರುವುದಿಲ್ಲವೆ? ಆ ಮಧ್ಯಾಹ್ನ ಊಟದ ಮೇಲೆ, ಜಯ ಅಕ್ಕಿ ಆರಿಸುತ್ತಿದ್ದಾಗ ಅವಳ ಫೋನ್ ಎತ್ತಿಕೊಂಡೆ. “ಯಾಕ್ರೀ?” ಎಂದಳು. “ನನ್ನ ಫೋನ್ ಸ್ವಲ್ಪ ನಿಧಾನ” ಎಂದೆ. ಅವಳು ನನ್ನನ್ನು ನೋಡಿ, “ಬದನೆಕಾಯಾ?” ಎಂದಳು. ಫೋನನ್ನು ಜೇಬಿಗಿಳಿಸಿ ಅಂಗಡಿಗೆ ಬಂದುಬಿಟ್ಟೆ.

ನಾಚಿಕೆ ಬಿಟ್ಟು ಹೇಳುತ್ತೇನೆ, ಹೆಂಡತಿಯ ಫೋನಿನಿಂದಲೇ ಕಟ್ಟೆಯ ಲಿಂಕ್ ಒತ್ತಿ ಅವಳ ನಂಬರನ್ನು ನಾನೇ ಒಳಗೆ ಸೇರಿಸಿದೆ. ತುಳಸಿ ಗಿಡದ ಚಿತ್ರ, ಹೆಸರು ಜಯ. “ನಮಸ್ತೆ, ನಾನು ಹೊಸಬಳು. ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಕೆಲಸಗಾರರಿಗೆ ಕಂಪ್ಯೂಟರಿನಿಂದ ಗಂಟೆ ಹೊಡೆಸುತ್ತೇವೆ. ಕೈಯಿಂದ ಓಡಿಸಿದರೆ ಹೊಡೆಯುತ್ತದೆ, ತಾನಾಗಿ ಹೊಡೆಯುವುದಿಲ್ಲ. ದಯವಿಟ್ಟು ಸಹಾಯ ಮಾಡಿ.” ನನ್ನದೇ ನಿಯಮದಂತೆ ಸ್ಕ್ರಿಪ್ಟನ್ನು ಮೇಲಿನಿಂದ ಕೆಳಗಿನವರೆಗೆ ಹಾಕಿದೆ. ಹಾಕುವ ಮೊದಲು ಕಳ್ಳನಂತೆ ಸುಳಿವುಗಳನ್ನೆಲ್ಲ ಅಳಿಸಿದ್ದೆ. ನನ್ನ ಹೆಸರು ತೆಗೆದೆ, ಅಂಗಡಿಯ ಹೆಸರು ತೆಗೆದೆ, ‘ಶಾಲೆ’ ಇದ್ದಲ್ಲೆಲ್ಲ ‘ಗಿರಣಿ’ ಎಂದು ಮಾಡಿದೆ. ಪತ್ತೇದಾರರು ಬಂದರೂ ಸಿಗಲಾರೆ ಎಂದುಕೊಂಡೆ.

ಮೊದಲು ಲೋಕೇಶನ ಧ್ವನಿ ಸಂದೇಶ ಬಂತು: “ಅಕ್ಕಾ, ನಮಸ್ಕಾರ. ಎಲ್ಲಾ ಸರಿ, ನಿಮ್ ಗಿರಣೀಲಿ ಪಿ.ಟಿ. ಪೀರಿಯಡ್ ಯಾಕೈತೆ?”

ನೋಡುತ್ತೇನೆ, ಹೌದು, ಶಾಲೆಯನ್ನು ಗಿರಣಿ ಮಾಡುವ ಭರದಲ್ಲಿ ಮಧ್ಯಾಹ್ನದ ಪಿ.ಟಿ. ಪೀರಿಯಡ್ ಹಾಗೇ ಉಳಿದುಬಿಟ್ಟಿತ್ತು. ಬೆವರು ಒರೆಸಿಕೊಂಡು, “ಕೆಲಸಗಾರರ ಆರೋಗ್ಯಕ್ಕೆ” ಎಂದು ಬರೆದೆ. “ಒಳ್ಳೇ ಮಾಲೀಕ್ರು ಕಣಕ್ಕಾ. ನನ್ಗೂ ಒಂದ್ ಕೆಲ್ಸ ಕೊಡಿ” ಎಂದ. ಹಿಂದೆಯೇ ಇನ್ನೊಂದು ಸಂದೇಶ: “ನಮ್ ಹೆಡ್ ಮೇಷ್ಟ್ರು ಎಲ್ಲಿಗೆ ಓದ್ರು? ಅವ್ರು ಒಂದ್ ಕಣ್ಣಾಕುದ್ರೆ ಆಯ್ತು.”

ಈಗ ನನ್ನ ಸ್ವಂತ ಫೋನಿನಿಂದ ನಾನು ಬಾಯಿ ಬಿಡಬೇಕಾಯಿತು. ಮೃದುವಾಗಿ ಮಾತಾಡಿದರೆ ಅನುಮಾನ ಬಂದೀತು. ಆದ್ದರಿಂದ ಎಂದಿನಂತೆ ಗದರಿದೆ: “ಏನ್ರೀ ಅಮ್ಮ, ಕಂಪ್ಯೂಟರ್ ಏನು ಹೇಳ್ತಿದೆ ಅಂತ ಓದಿದ್ರಾ? ಓದದೆ ಕೇಳೋದು ಯಾವ ಪದ್ಧತಿ?” ಎಡಗೈಯಲ್ಲಿ ಹೆಂಡತಿಯ ಫೋನ್, ಬಲಗೈಯಲ್ಲಿ ನನ್ನದು. ಬಲಗೈ ಬೈಯಿತು, ಎಡಗೈ “ತಪ್ಪಾಯ್ತು ಸರ್” ಎಂದಿತು. ಮದುವೆಯ ಕಾಗದ ಒಯ್ಯಲು ಬಂದ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, ಒಳಗೆ ಬರುವುದೋ ಬೇಡವೋ ಎಂದು ಯೋಚಿಸಿ, ಆಮೇಲೆ ಬರುತ್ತೇನೆಂದು ಹೊರಟುಹೋದರು.

ಶೋಭಾ ನಡುವೆ ಬಂದಳು. “ಅಣ್ಣಾ, ಹೊಸಬರನ್ನ ಹಿಂಗೆ ಬೈಬೇಡಿ. ಎಷ್ಟು ಅಳುಕಿಕೊಂಡು ಕೇಳಿರ್ತಾರೋ ಏನೋ. ಕೇಳೋದು ಸುಲಭ ಅಲ್ಲ” ಎಂದಳು. ಅದನ್ನು ಎರಡು ಸಲ ಓದಿದೆ. ನನ್ನ ಪರವಾಗಿ ಯಾರೋ ನನ್ನ ವಿರುದ್ಧವೇ ವಾದಿಸುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಮೇಲೆ ಅವಳು ಜಯಳಿಗೆಂದು ಉದ್ದನೆಯ ಧ್ವನಿ ಸಂದೇಶ ಕಳಿಸಿದಳು. ಹಿಂದೆ ಮಂಡಿಯಲ್ಲಿ ಕಾಯಿ ಸುರಿಯುವ ಸದ್ದು. “ಅಕ್ಕಾ, ಲಿನಕ್ಸಲ್ಲಿ ಮೊಟ್ಟಮೊದಲ ಸಾಲು ವಿಳಾಸ ಇದ್ದಂಗೆ. ಈ ಕಾಗದಾನ ಇಂಥೋರು ಓದ್ಬೇಕು ಅಂತ ಅಲ್ಲಿರುತ್ತೆ. ಅದರ ಮೇಲೆ ಬೇರೆ ಏನೂ ಇರಬಾರದು. ನೀವು ಎದುರಿಗೆ ನಿಂತು ಕೈಯಾರೆ ಕೊಟ್ರೆ ವಿಳಾಸ ಇಲ್ಲದಿದ್ರೂ ಸರಿಯಾದವರ ಕೈಗೇ ಸೇರುತ್ತೆ. ನೀವಿಲ್ಲದಾಗ ಅದು ಯಾರೋ ಅರ್ಧಂಬರ್ಧ ಓದಕ್ಕೆ ಬರೋರ ಕೈಗೆ ಹೋಗುತ್ತೆ, ಅವರು ಅರ್ಥ ಆಗ್ಲಿಲ್ಲ ಅಂತ ಬಿಟ್ಬಿಡ್ತಾರೆ. ನಿಮ್ಮದರಲ್ಲಿ ವಿಳಾಸ ಎರಡನೇ ಸಾಲಲ್ಲಿದೆ. ಮೊದಲನೇ ಸಾಲಲ್ಲಿ ಶ್ರೀ ಕೂತಿದೆ. ಶ್ರೀನ ಒಂದು ಸಾಲು ಕೆಳಗಿಳಿಸಿ ಅಕ್ಕಾ, ಅಷ್ಟೇ.”

ಶ್ರೀ! ಹೆಸರು ಅಳಿಸಿದವನು, ಅಂಗಡಿ ಅಳಿಸಿದವನು, ಶ್ರೀಯನ್ನು ನೋಡಿಯೇ ಇರಲಿಲ್ಲ. ವಿಂಡೋಸ್ ಇಷ್ಟು ವರ್ಷ ಅದನ್ನು ಕಂಡೂ ಕಾಣದಂತೆ ದಾಟಿ ಹೋಗುತ್ತಿತ್ತು. ಲಿನಕ್ಸ್ ಅದರ ಮುಂದೆ ನಿಂತುಬಿಟ್ಟಿತ್ತು.

ಶನಿವಾರ ಬೆಳಿಗ್ಗೆ ಶಾಲೆಗೆ ಹೋಗಿ, ಮನಸ್ಸಿನಲ್ಲೇ ಹಳೆಯ ಮಾಲೀಕರ ಕ್ಷಮೆ ಕೇಳಿ, ಶ್ರೀಯನ್ನು ಎರಡನೇ ಸಾಲಿಗೆ ಇಳಿಸಿದೆ. ಕಂಪ್ಯೂಟರಿನಿಂದ ದೂರ ಹೋಗಿ ಬೇವಿನ ಮರದ ಕೆಳಗೆ ನಿಂಗಯ್ಯನ ಪಕ್ಕ ನಿಂತೆ. ಹೆಡ್ ಮಿಸ್ ವರಾಂಡಕ್ಕೆ ಬಂದು ಕೈಗಡಿಯಾರ ನೋಡಿಕೊಂಡರು. ನಿಂಗಯ್ಯ ಕಂಬಿಯ ಸುತ್ತಿಗೆಯನ್ನು ಆಗಲೇ ಅರ್ಧ ಎತ್ತಿದ್ದ. ಢಣ್! ಸ್ಪೀಕರ್ ಹೊಡೆಯಿತು. ನಿಂಗಯ್ಯ ಸುತ್ತಿಗೆ ಇಳಿಸಿ, ಸೋಲನ್ನೂ ಬಿಟ್ಟುಕೊಡದೆ, “ಎಂಗೆ ಒಡೀತು ನೋಡಿ ಸಾ, ನನ್ ಕೈ!” ಎಂದ. ಹೆಡ್ ಮಿಸ್ ನಕ್ಕು ಒಳಗೆ ಹೋದರು. ಸೋಮವಾರದ ಪರೀಕ್ಷೆಯೂ ಗಂಟೆಗೆ ತಕ್ಕಂತೆ ನಡೆಯಿತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎಡಗೈಯಿಂದ ಎಲ್ಲರಿಗೂ ವಂದನೆ ಹೇಳಿದ ಮೇಲೆ ಬಲಗೈಗೆ ತುರಿಕೆ ಬಂತು. ನನ್ನ ಫೋನಿನಿಂದ ಕಟ್ಟೆಗೆ ಒಂದು ಉಪದೇಶ ಬರೆದೆ: “ನೋಡಿ, ಗಿರಣಿಯ ಆ ಹೆಣ್ಣುಮಗಳು ನಾಚದೆ ಕೇಳಿದರು, ಕೆಲಸವಾಯಿತು. ಎಲ್ಲರೂ ಕಲಿಯಬೇಕಾದ ಗುಣ.” ಶೋಭಾ ಒಂದು ಕೈಮುಗಿಯುವ ಚಿತ್ರ ಹಾಕಿದಳು. ಲೋಕೇಶ ಒಂದು ಬದನೆಕಾಯಿಯ ಚಿತ್ರ ಹಾಕಿದ.

ಬದನೆಕಾಯಿ! ಅದು ನಮ್ಮ ಮನೆಯ ಒಳಗಿನ ಮಾತು. ಅರಕಲಗೂಡಿನವನಿಗೆ ಹೇಗೆ ಹೋಯಿತು? ಫೋನ್ ಹಿಡಿದು ಅಡುಗೆಮನೆಗೆ ಹೋದೆ. ಜಯ ಒಗ್ಗರಣೆಯಿಂದ ತಲೆ ಎತ್ತದೆ ಹೇಳಿದಳು: “ನೀವು ಗ್ರೂಪಿಗೆ ಹಾಕಿದ್ ದಿನಾನೇ, ಫೋನ್ ನನ್ ಕೈಗೆ ವಾಪಸ್ ಬಂದ್ಮೇಲೆ, ಶೋಭಾ ನನ್ಗೇ ಫೋನ್ ಮಾಡಿದ್ಲು. ಅಕ್ಕಾ, ಗಿರಣಿ ಎಲ್ಲೈತೆ ಹೇಳಿ, ಸರಿ ಹೋಗ್ದಿದ್ರೆ ನಾನೇ ಬಂದು ಮಾಡ್ಕೊಡ್ತೀನಿ ಅಂದ್ಲು. ಯಾವ ಗಿರಣಿ ಕಣವ್ವಾ, ನಮ್ಮನೇಲಿರೋದು ಒಂದು ಮಿಕ್ಸಿ ಅಂದೆ.”

ನಾನು ಒಲೆಯ ಪಕ್ಕಕ್ಕೇ ಬಂದೆ. “ಆಮೇಲೆ?”

“ಆಮೇಲೆ ಏನು, ಇಬ್ರೂ ನಕ್ವಿ. ಸ್ಕ್ರಿಪ್ಟಿನ ತಲೆ ಮೇಲೆ ಶ್ರೀ ಹಾಕೋರು ಈ ಜಿಲ್ಲೇಲಿ ಅಣ್ಣ ಒಬ್ರೇ ಅಕ್ಕಾ, ನೋಡಿದ್ ಕೂಡ್ಲೇ ಎಲ್ರಿಗೂ ಗೊತ್ತಾಯ್ತು, ಆದ್ರೂ ಕೇಳೋಣ ಅಂತ ಫೋನ್ ಮಾಡ್ದೆ ಅಂದ್ಲು. ಬದನೆಕಾಯಿ ಕತೆ ನಾನೇ ಹೇಳ್ದೆ, ಅವ್ಳಿಂದ ಅದು ಉಳಿದೋರಿಗೂ ಹೋಗೈತೆ. ಗ್ರೂಪಲ್ಲಿ ಯಾರೂ ಬಾಯಿ ಬಿಡ್ಬಾರ್ದು, ಅಣ್ಣನಿಗೆ ಬೇಜಾರಾಗುತ್ತೆ ಅಂತ ಅವ್ಳೇ ಎಲ್ರಿಗೂ ಹೇಳಿದ್ಲಂತೆ. ಆ ಲೋಕೇಶನಿಗೆ ತಡೆಯಕ್ಕೆ ಆಗಿಲ್ಲ.” ಒಗ್ಗರಣೆ ಚಟಪಟ ಎಂದಿತು. “ಮೊದ್ಲನೇ ದಿನ ನೀವು ಅವ್ಳನ್ನ ಬೈದು, ಆಮೇಲೆ ನೀವೇ ಕೂತು ಸರಿ ಮಾಡ್ಕೊಟ್ಟಿದ್ರಂತೆ. ಅದನ್ನ ಇನ್ನೂ ನೆನಪಿಟ್ಕೊಂಡವ್ಳೆ. ಬೈದಿದ್ದಲ್ಲ, ಸರಿ ಮಾಡ್ಕೊಟ್ಟಿದ್ದು.”

ಅವರು ನಕ್ಕು ಗೇಲಿ ಮಾಡಿದ್ದರೆ ನಾನೂ ಎರಡು ಮಾತು ಬೈದು ಹಗುರಾಗುತ್ತಿದ್ದೆ. ಇಡೀ ಕಟ್ಟೆ ಗೊತ್ತಿದ್ದೂ ಗೊತ್ತಿಲ್ಲದಂತೆ ‘ಅಕ್ಕಾ, ಅಕ್ಕಾ’ ಎಂದು ನನ್ನನ್ನು ನಡೆಸಿಕೊಂಡು ಹೋಗಿದ್ದಕ್ಕೆ ಏನು ಮಾಡಲಿ? ಹೆಡ್ ಮಿಸ್ಸಿನ ಮೇಜಿನ ಮುಂದೆಯೂ ಇಷ್ಟು ಚಿಕ್ಕವನಾಗಿರಲಿಲ್ಲ. ಮೂರ್ನಾಲ್ಕು ದಿನ ಕಟ್ಟೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ತೆರೆದು ನೋಡಿದರೆ, ಶೋಭಾ ಯಾರಿಗೋ ಬರೆದುಕೊಟ್ಟ ಹೊಸ ಸ್ಕ್ರಿಪ್ಟ್ ಅಲ್ಲಿತ್ತು. ಮೊದಲ ಸಾಲಿನಲ್ಲಿ ವಿಳಾಸ, ಎರಡನೇ ಸಾಲಿನಲ್ಲಿ ಶ್ರೀ. ಅದರ ಕೆಳಗೆ ಲೋಕೇಶನದು. ಅದರಲ್ಲೂ ಎರಡನೇ ಸಾಲಿನಲ್ಲಿ ಶ್ರೀ. ಯಾರೂ ಒಂದು ಮಾತೂ ಆಡಿರಲಿಲ್ಲ. ಸರಿಯಾಗಿ ಕಾಣಿಸದೆ ಕನ್ನಡಕ ಒರೆಸಿಕೊಂಡೆ. ಇನ್ನು ಮುಂದೆ ಯಾರನ್ನೂ ಗದರುವುದಿಲ್ಲ, ಗೊತ್ತಿಲ್ಲದ್ದನ್ನು ನನ್ನ ಹೆಸರಿನಲ್ಲೇ ನೇರವಾಗಿ ಕೇಳುತ್ತೇನೆ ಎಂದು ಅಂಗಡಿಯ ದೇವರ ಪಟದ ಮುಂದೆ ನಿಂತು ಗಟ್ಟಿಯಾಗಿ ನಿರ್ಧರಿಸಿದೆ.

ನಿನ್ನೆ ಅಂಗಡಿಯ ಪ್ರಿಂಟರಿನ ಸ್ಕ್ರಿಪ್ಟ್ ಕೈಕೊಟ್ಟಿತು. ಬಹಳ ಸಣ್ಣ ವಿಷಯ. ಕೇಳಿದರೆ ಎಂಥವರೂ ನಗುವಂಥದು. ಫೋನ್ ತೆಗೆದೆ, ಒಂದು ಸಾಲು ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ನೀರು ಕುಡಿಯುವ ನೆಪದಲ್ಲಿ ಎದ್ದು ಮನೆಯೊಳಗೆ ಹೋಗಿ, ಜಯಳ ಪಕ್ಕದಲ್ಲಿ ಸುಮ್ಮನೆ ನಿಂತೆ. ಅವಳು ಬದನೆಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ, ಸೆರಗಿಗೆ ಕೈ ಒರೆಸಿಕೊಂಡು ತನ್ನ ಫೋನನ್ನು ನನ್ನ ಕಡೆ ಸರಿಸಿ, “ತಗಳ್ಳಿ” ಎಂದಳು. “ಇವತ್ತು ನಾನು ಏನು ಕೇಳ್ಬೇಕು?”